ವೈರಿಂಗ್ ಕೊಳವೆಗಳು: ಯಾವುದು, ಎಲ್ಲಿ, ಏಕೆ?

(ಸಂಸ್ಥೆಯ ವಾರ್ಷಿಕ ಸಮಾರಂಭದ ಅಂಗವಾಗಿ ಏರ್ಪಡಿಸಿದ್ದ ವೃತ್ತಿ ಮಾರ್ಗದರ್ಶನ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಇಂಥ ವೇದಿಕೆಗಳ ಮೇಲೆ ಡಾಕ್ಟರ್ ಆಗುವುದು ಹೇಗೆ, ಇಂಜಿನಿಯರ್ ಆಗುವುದು ಹೇಗೆ ಎಂದು ಮಾತನಾಡುವವರು ಬಹಳ ಜನ ಇದ್ದಾರೆ. ಅದು ಬೇಕು. ಆದರೆ ಹತ್ತನೆಯ ತರಗತಿ ಮುಗಿಸಿ, ಇಲ್ಲವೆ ಮುಗಿಸದೆಯೇ, ಮಿಸ್ತ್ರಿಗಳ ಕೈಕೆಳಗೆ ವೈರಿಂಗ್ ಕೆಲಸಕ್ಕೆ ಹೋಗುವ ಹುಡುಗರು ನಮ್ಮಲ್ಲಿ ಮನೆಗೊಬ್ಬರಂತೆ ಸಿಗುತ್ತಾರೆ. ಅವರ ಕೆಲಸದ ಬಗ್ಗೆ ಯಾರೂ ವೇದಿಕೆಯ ಮೇಲೆ ಮಾತನಾಡುವುದಿಲ್ಲ. ಆದ್ದರಿಂದ ಇಂದು ನಾನು ಆ ಕೆಲಸದ ಒಂದು ಸಣ್ಣ ಭಾಗವನ್ನು ಮಾತ್ರ ತೆಗೆದುಕೊಂಡಿದ್ದೇನೆ. ವಿದ್ಯುತ್ ತಂತಿ ಹಾಯುವ ಕೊಳವೆ, ಅಂದರೆ ಕಂಡ್ಯೂಟ್. ನಮ್ಮ ಕಡೆ ಅದಕ್ಕೆ ಬರೀ 'ಪೈಪು' ಎನ್ನುತ್ತೇವೆ.

ಈ ಸಭಾಂಗಣದಲ್ಲಿ ಫ್ಯಾನು ತಿರುಗುತ್ತಿದೆ, ಸ್ವಿಚ್ಚು ಎದುರಿಗೇ ಇದೆ. ಇವೆರಡರ ನಡುವಿನ ತಂತಿ ಮಾತ್ರ ನಿಮಗೆ ಕಾಣುವುದಿಲ್ಲ. ಅದು ಗಿಲಾವಿನ ಹಿಂದೆ, ಸ್ಲ್ಯಾಬಿನ ಒಳಗೆ, ಒಂದು ಕೊಳವೆಯಲ್ಲಿದೆ. ಆ ಕೊಳವೆ ಯಾವುದು, ಸರಿಯಾಗಿ ಕೂಡಿದೆಯೋ ಇಲ್ಲವೋ ಎಂಬುದು ಹಾಕಿದವನಿಗೆ ಗೊತ್ತು, ಅಲ್ಲಾಹನಿಗೆ ಗೊತ್ತು. ಮನೆಯ ಯಜಮಾನನಿಗೆ ಗೊತ್ತಾಗುವುದು ಏನಾದರೂ ಕೆಟ್ಟಾಗಲೇ.

ನನ್ನ ತಪ್ಪೊಂದನ್ನು ಮೊದಲು ಹೇಳಿಬಿಡುತ್ತೇನೆ. ಹದಿನೇಳನೆಯ ವಯಸ್ಸಿನಲ್ಲಿ ನಾನು ಹೆಲ್ಪರ್ ಆಗಿದ್ದೆ. ಒಂದು ಮನೆಯಲ್ಲಿ ಸಂಜೆಯ ಹೊತ್ತಿಗೆ ಪೈಪು ನಾಲ್ಕು ಅಡಿ ಕಡಿಮೆ ಬಿತ್ತು. ಅಂಗಡಿ ದೂರವಿತ್ತು. ಗೌಂಡಿ ಗಿಲಾವಿಗೆ ಸಿಮೆಂಟು ಕಲಸಿ ಕಾಯುತ್ತಿದ್ದ. ಮಿಸ್ತ್ರಿ ಇನ್ನೊಂದು ಕೆಲಸಕ್ಕೆ ಹೋಗಿದ್ದರು. ನಾನು ಆ ನಾಲ್ಕು ಅಡಿಯಲ್ಲಿ ತಂತಿಯನ್ನು ಹಾಗೆಯೇ ಗೋಡೆಯ ಕಾಲುವೆಯಲ್ಲಿ ಇಟ್ಟು ಮೊಳೆ ಬಡಿದು ನಿಲ್ಲಿಸಿದೆ. ಗಿಲಾವು ಬಂತು, ಸುಣ್ಣ ಬಂತು, ದೀಪವೂ ಹತ್ತಿತು. ಯಾರಿಗೂ ಗೊತ್ತಾಗಲಿಲ್ಲ. ಕೆಲವು ವರ್ಷಗಳ ನಂತರ ಮಳೆಗಾಲದಲ್ಲಿ ಆ ಮನೆಯ ಹಿರಿಯ ಹೆಣ್ಣುಮಗಳು ನನ್ನನ್ನು ಕರೆಸಿ ಹೇಳಿದರು: "ತಮ್ಮಾ, ಈ ಗ್ವಾಡಿ ಮುಟ್ಟಿದ್ರ ಕೈ ಝುಂ ಅಂತೈತಿ ನೋಡಪಾ." ಗೋಡೆ ಹಸಿಯಾಗಿತ್ತು. ಗಿಲಾವು ಒಡೆದು ನೋಡಿದರೆ ನನ್ನದೇ ನಾಲ್ಕು ಅಡಿ. ನಾನು ಬಡಿದ ಮೊಳೆಯ ಹತ್ತಿರ ತಂತಿಯ ಹೊದಿಕೆ ಸೀಳಿತ್ತು. ಆ ತಾಯಿ ಬದುಕಿದ್ದು ಅವರ ಪುಣ್ಯ, ನನ್ನ ಪುಣ್ಯ. ನಾನು ಇಂದು ಹೇಳುವುದೆಲ್ಲ ಆ ನಾಲ್ಕು ಅಡಿಯಿಂದ ಕಲಿತದ್ದು.

ಕೊಳವೆಯ ಕೆಲಸವೇನು?

ಕೊಳವೆಗೆ ಮುಖ್ಯವಾಗಿ ನಾಲ್ಕು ಕೆಲಸಗಳಿವೆ. ಮೊದಲನೆಯದು ರಕ್ಷಣೆ. ಮೊಳೆ, ಇಲಿ, ಗೌಂಡಿಯ ಕರಣಿ, ಸಿಮೆಂಟು, ತೇವ ಇವುಗಳಿಂದ ತಂತಿಯ ಹೊದಿಕೆಯನ್ನು ಅದು ಕಾಯುತ್ತದೆ. ಎರಡನೆಯದು ಬದಲಾವಣೆಯ ಅನುಕೂಲ. ಇಂದಿನ ತಂತಿ ಇಪ್ಪತ್ತು-ಮೂವತ್ತು ವರ್ಷಗಳ ಮೇಲೆ ಹಳತಾಗುತ್ತದೆ, ಇಲ್ಲವೆ ಮನೆಗೆ ಗೀಸರ್, ಫ್ರಿಜ್ಜು ಬಂದು ಲೋಡು ಹೆಚ್ಚುತ್ತದೆ. ಕೊಳವೆ ಸರಿಯಿದ್ದರೆ ಹಳೆಯ ತಂತಿ ಎಳೆದು ಹೊಸದು ತೂರಿಸಬಹುದು, ಗೋಡೆ ಒಡೆಯಬೇಕಿಲ್ಲ. ಮೂರನೆಯದು ಬೆಂಕಿಯ ತಡೆ. ಒಳಗೆ ಕಿಡಿ ಹಾರಿದರೂ ಅದು ಹತ್ತಿ, ಕಟ್ಟಿಗೆ, ಬಟ್ಟೆಗಳಿಗೆ ತಲುಪದಂತೆ ಕೊಳವೆ ತಡೆಯುತ್ತದೆ. ನಾಲ್ಕನೆಯದು ದಾರಿಯ ಗುರುತು. ಕೊಳವೆಯನ್ನು ನೇರವಾಗಿ, ಉದ್ದಕ್ಕೆ ಅಥವಾ ಅಡ್ಡಕ್ಕೆ ಹಾಕಿದ್ದರೆ ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ ಮೊಳೆ ಹೊಡೆಯಬಾರದೆಂದು ಯಾರಿಗಾದರೂ ತಿಳಿಯುತ್ತದೆ. ಪೈಪು ಉಳಿಸಲು ಮೂಲೆಯಿಂದ ಮೂಲೆಗೆ ಓರೆಯಾಗಿ ಹಾಕಿದರೆ ಮುಂದೆ ಫೋಟೋ ತೂಗುಹಾಕುವವನ ಮೊಳೆ ನೇರವಾಗಿ ತಂತಿಗೇ ಹೋಗುತ್ತದೆ.

ಈ ನಾಲ್ಕೂ ಕೆಲಸಗಳನ್ನು ಎಲ್ಲ ಕಡೆಗೂ ಒಂದೇ ಬಗೆಯ ಕೊಳವೆ ಮಾಡಲಾರದು. ನಮ್ಮ ಊರುಗಳ ಕಟ್ಟಡಗಳನ್ನೇ ಒಂದೊಂದಾಗಿ ನೋಡೋಣ. ಮನೆಯಿಂದ ಹೊರಟು ಹೊಲದವರೆಗೆ ಹೋಗೋಣ.

ಸ್ಲ್ಯಾಬಿನ ಮನೆ: ಗಟ್ಟಿ ಪಿ.ವಿ.ಸಿ. ಕೊಳವೆ

ಗದಗ-ಬೆಟಗೇರಿಯ ಹೊಸ ಬಡಾವಣೆಗಳಲ್ಲಿ ಈಗ ಕಟ್ಟುವುದೆಲ್ಲ ಬಹುತೇಕ ಆರ್.ಸಿ.ಸಿ. ಮನೆಗಳು. ಇವಕ್ಕೆ ಬಳಸುವುದು ಗಟ್ಟಿ ಪಿ.ವಿ.ಸಿ. ಕೊಳವೆ. ಇದಕ್ಕೆ ತುಕ್ಕು ಹಿಡಿಯುವುದಿಲ್ಲ, ಇದು ಹಗುರ, ಬೆಲೆ ಕಡಿಮೆ, ತಾನೇ ವಿದ್ಯುತ್ ನಿರೋಧಕ. ಭಾರತೀಯ ಮಾನಕ ಐ.ಎಸ್. 9537ರ 3ನೇ ಭಾಗ ಇದರ ಬಗ್ಗೆಯೇ ಇದೆ. ಹೊರ ವ್ಯಾಸದ ಮೇಲೆ 16, 20, 25, 32, 40, 50 ಮಿಲಿಮೀಟರ್ ಎಂದು ಅಳತೆಗಳಿವೆ. ಮನೆಗಳಲ್ಲಿ ಹೆಚ್ಚಾಗಿ ನಡೆಯುವುದು 20 ಮತ್ತು 25. ಅಂಗಡಿಯಲ್ಲಿ ನಾವು ಇವನ್ನೇ ಮುಕ್ಕಾಲು ಇಂಚು, ಒಂದು ಇಂಚು ಎಂದು ಕೇಳುತ್ತೇವೆ.

ಆದರೆ ಒಂದೇ ಅಳತೆಯಲ್ಲಿ ಲೈಟ್, ಮೀಡಿಯಂ, ಹೆವಿ ಎಂದು ಮೂರು ದರ್ಜೆಗಳಿರುವುದನ್ನು ಬಹಳ ಜನ ಗಮನಿಸುವುದಿಲ್ಲ. ಹೊರಗಿನಿಂದ ನೋಡಲು ಮೂರೂ ಒಂದೇ, ಗೋಡೆಯ ದಪ್ಪ ಬೇರೆ. ಲೈಟ್ ದರ್ಜೆ ಗೋಡೆಯ ಮೇಲೆ, ಕೈ-ಕಾಲು ತಾಗದ ಕಡೆಗೆ ಸಾಕು. ಗೋಡೆಯೊಳಗೆ ಹುದುಗಿಸಲು ಮೀಡಿಯಂ ಬೇಕು. ಸ್ಲ್ಯಾಬಿನಲ್ಲಿ ಕಾಂಕ್ರೀಟಿನ ಭಾರವೂ ಕೆಲಸಗಾರರ ಕಾಲೂ ಅದರ ಮೇಲೆ ಬೀಳುತ್ತವೆ, ವೈಬ್ರೇಟರ್ ಬೇರೆ ತಾಗುತ್ತದೆ. ಅಲ್ಲಿ ಮೀಡಿಯಂಗಿಂತ ಕಡಿಮೆಯದನ್ನು ಹಾಕಲೇಬಾರದು, ಹೆವಿ ಹಾಕಿದರೆ ಒಳ್ಳೆಯದು.

ಕೊಳ್ಳುವಾಗ ಪೈಪಿನ ಮೇಲೆ ಐ.ಎಸ್.ಐ. ಗುರುತು, ಮಾನಕದ ಸಂಖ್ಯೆ ಮತ್ತು ದರ್ಜೆ ಅಚ್ಚಾಗಿದೆಯೇ ನೋಡಿರಿ. ಅಗ್ಗದ ಪೈಪಿನಲ್ಲಿ ಪ್ಲಾಸ್ಟಿಕ್‌ಗಿಂತ ಸುಣ್ಣದ ಪುಡಿಯೇ ಹೆಚ್ಚಿರುತ್ತದೆ. ಅದು ಬಗ್ಗಿಸಿದರೆ ಬಿಳಿಯಾಗಿ ಚಟ್ಟೆಂದು ಮುರಿಯುತ್ತದೆ. ಒಳ್ಳೆಯ ಪೈಪು ಒಳಗೆ ಸ್ಪ್ರಿಂಗ್ ಹಾಕಿ ಬಗ್ಗಿಸಿದರೆ ಬಾಗುತ್ತದೆ. ಒಂದು ತುಂಡಿಗೆ ಬಯಲಿನಲ್ಲಿ ಬೆಂಕಿ ಹಿಡಿದು ತೆಗೆದರೆ ಉರಿ ತಾನೇ ಆರಬೇಕು. ಉರಿಯುತ್ತಲೇ ಇದ್ದರೆ ಅದನ್ನು ಮನೆಯೊಳಗೆ ತರಬೇಡಿರಿ. ಈ ಪರೀಕ್ಷೆ ಮಾಡುವಾಗ ಹೊಗೆ ಕುಡಿಯಬೇಡಿರಿ, ಪಿ.ವಿ.ಸಿ.ಯ ಹೊಗೆಯಲ್ಲಿ ಆಮ್ಲದ ಅನಿಲವಿರುತ್ತದೆ.

ಸ್ಲ್ಯಾಬಿನಲ್ಲಿ ಕೊಳವೆಯನ್ನು ಕೆಳಗಿನ ಸರಳಿನ ಮೇಲೆ ಇಟ್ಟು ಕಟ್ಟುತಂತಿಯಿಂದ ಬಿಗಿಯಬೇಕು. ಸೆಂಟ್ರಿಂಗ್ ಹಲಗೆಗೆ ತಾಗಿಸಿ ಇಡಬಾರದು. ನಾಲ್ಕೈದು ಪೈಪುಗಳನ್ನು ಒಂದಕ್ಕೊಂದು ಅಂಟಿಸಿ ಒಟ್ಟಾಗಿ ಒಯ್ದರೆ ಅವುಗಳ ನಡುವೆ ಕಾಂಕ್ರೀಟು ಇಳಿಯುವುದಿಲ್ಲ, ಸ್ಲ್ಯಾಬು ಅಲ್ಲಿ ಬಲಹೀನವಾಗುತ್ತದೆ. ಪ್ರತಿ ಜೋಡಣೆಗೂ ಸಾಲ್ವೆಂಟ್ ಹಚ್ಚಿರಿ, ಒಣಗಿಸಿ ಸಿಕ್ಕಿಸಿದ ಜೋಡಣೆ ಕಾಲು ತಾಗಿದಾಗ ಬಿಚ್ಚಿಕೊಳ್ಳುತ್ತದೆ. ಬಾಕ್ಸಿನ ಬಾಯಿ ಮುಚ್ಚಿರಿ. ಕಾಂಕ್ರೀಟು ಹಾಕುವ ದಿನ ಮನೆಗೆ ಹೋಗಿ ಮಲಗಬೇಡಿರಿ. ಕಾಂಕ್ರೀಟು ಮುಗಿಯುವವರೆಗೆ ಒಬ್ಬ ವೈರ್‌ಮನ್ ಅಲ್ಲಿ ನಿಂತಿರಬೇಕು. ಪೈಪು ಒಡೆದು ಸಿಮೆಂಟಿನ ಹಾಲು ಒಳಗೆ ಹೋದರೆ ಆ ದಾರಿ ಕಾಯಮಾಗಿ ಮುಚ್ಚಿಹೋಯಿತೆಂದೇ ತಿಳಿಯಿರಿ.

ಗೋಡೆ ಕೊರೆಯುವುದಕ್ಕೂ ಲೆಕ್ಕವಿದೆ. ಭಾರ ಹೊರುವ ಗೋಡೆಯಲ್ಲಿ ಉದ್ದನೆಯ ಕಾಲುವೆ ಗೋಡೆಯ ದಪ್ಪದ ಮೂರನೆಯ ಒಂದು ಭಾಗವನ್ನು ಮೀರಬಾರದು, ಅಡ್ಡ ಕಾಲುವೆ ಆರನೆಯ ಒಂದು ಭಾಗವನ್ನು ಮೀರಬಾರದು. ಒಂಬತ್ತು ಇಂಚಿನ ಗೋಡೆಗೆ ಅಡ್ಡಲಾಗಿ ಒಂದೂವರೆ ಇಂಚು ಸಿಗುತ್ತದೆ. ನಾಲ್ಕೂವರೆ ಇಂಚಿನ ಗೋಡೆಗೆ ಮುಕ್ಕಾಲು ಇಂಚು ಮಾತ್ರ. ಅಲ್ಲಿ ಒಂದು ಇಂಚಿನ ಪೈಪನ್ನು ಅಡ್ಡ ಹಾಕಿದರೆ ಗೋಡೆಯನ್ನೇ ಸೀಳಿದಂತೆ. ಮೇಲಿನಿಂದ ನೇರವಾಗಿ ಇಳಿಸುವುದೇ ಸರಿ.

ಹಳೆಯ ಮನೆ, ಹಳೆಯ ಕಲ್ಲುಕಟ್ಟಡ: ಗೋಡೆಯ ಮೇಲಿನ ವೈರಿಂಗ್

ಇನ್ನು ಲಕ್ಷ್ಮೇಶ್ವರ, ಶಿರಹಟ್ಟಿಗಳ ಹಳೆಯ ಓಣಿಗಳಿಗೆ ಬನ್ನಿರಿ. ಅಲ್ಲಿ ಮಣ್ಣು-ಕಲ್ಲಿನ ಗೋಡೆ, ಜಂತಿ, ಮೇಲೆ ಮೇಲ್ಮುದ್ದೆ. ಇಂಥ ಗೋಡೆಯನ್ನು ಕೊರೆದರೆ ಮಣ್ಣು ಉದುರುತ್ತದೆ, ಮೇಲ್ಮುದ್ದೆ ಸೋರಿದಾಗ ನೀರು ಆ ಕಾಲುವೆಯಲ್ಲೇ ಇಳಿಯುತ್ತದೆ. ಹಿಂದೆ ಈ ಮನೆಗಳಿಗೆ ಕಟ್ಟಿಗೆಯ ಪಟ್ಟಿ ಹೊಡೆದು, ಅದರ ಮೇಲೆ ತಂತಿ ಹಾಸಿ, ತಗಡಿನ ಕ್ಲಿಪ್ಪು ಮಡಚುತ್ತಿದ್ದರು. ಇಂದಿಗೂ ಕೆಲವು ಮನೆಗಳಲ್ಲಿ ಅದು ಉಳಿದಿದೆ. ಪಟ್ಟಿಗೆ ಗೆದ್ದಲು ಹತ್ತಿರುತ್ತದೆ, ತಂತಿಯ ಹೊದಿಕೆ ಮುಟ್ಟಿದರೆ ಪುಡಿಯಾಗುತ್ತದೆ. ಅಂಥದ್ದು ನಿಮ್ಮ ಮನೆಯಲ್ಲಿದ್ದರೆ ಈ ವರ್ಷವೇ ಬದಲಾಯಿಸಿರಿ.

ಇಂಥ ಮನೆಗಳಿಗೆ ಎರಡು ದಾರಿಗಳಿವೆ. ಒಂದು, ಪಿ.ವಿ.ಸಿ. ಕೇಸಿಂಗ್-ಕ್ಯಾಪಿಂಗ್ ಪಟ್ಟಿ. ಕೆಳಗಿನ ಪಟ್ಟಿಯನ್ನು ಗೋಡೆಗೆ ಸ್ಕ್ರೂ ಹಾಕಿ, ತಂತಿ ಇಟ್ಟು, ಮೇಲಿನ ಮುಚ್ಚಳ ಒತ್ತುವುದು. ನೋಡಲು ಚಂದ, ಬಿಚ್ಚಿ ಸೇರಿಸಲು ಸುಲಭ. ಆದರೆ ಇದು ಒಣ ಜಾಗಕ್ಕೆ ಮಾತ್ರ. ಬಚ್ಚಲಿಗೆ, ಹೊರಗಿನ ಗೋಡೆಗೆ, ಗಿಲಾವಿನ ಒಳಗೆ ಇದು ಬೇಡ. ಎರಡನೆಯದು, ಅದೇ ಗಟ್ಟಿ ಪಿ.ವಿ.ಸಿ. ಕೊಳವೆಯನ್ನು ಗೋಡೆಯ ಮೇಲೆ ಸ್ಯಾಡಲ್ ಹಾಕಿ ಒಯ್ಯುವುದು. ಸ್ಯಾಡಲ್‌ಗಳು 60 ಸೆಂಟಿಮೀಟರ್‌ಗಿಂತ ದೂರ ಇರಬಾರದು. ತೇವ ಬರುವ ಕಡೆಗೂ ಇಲಿ ಓಡಾಡುವ ಜಂತಿಯ ಮೇಲೂ ಇದೇ ಒಳ್ಳೆಯದು.

ಲಕ್ಷ್ಮೇಶ್ವರದಲ್ಲಿ ಆದಿಲ್‌ಶಾಹಿ ಕಾಲದ ಕಲ್ಲಿನ ಜುಮ್ಮಾ ಮಸೀದಿಯಿದೆ, ಚಾಲುಕ್ಯರ ಕಾಲದ ಸೋಮೇಶ್ವರ ದೇವಸ್ಥಾನವಿದೆ. ಇಂಥ ಕಟ್ಟಡಗಳಲ್ಲಿ ಕೆಲಸ ಸಿಕ್ಕರೆ ಒಂದು ಮಾತು ನೆನಪಿಡಿರಿ. ಕೆತ್ತಿದ ಕಲ್ಲಿಗೆ ಡ್ರಿಲ್ ಹಿಡಿಯಬಾರದು. ಕೊಳವೆಯನ್ನು ಕಣ್ಣಿಗೆ ಬೀಳದ ಮೂಲೆಯಲ್ಲಿ, ಮೇಲಂಚಿನ ಗುಂಟ ಒಯ್ಯಬೇಕು. ಸ್ಕ್ರೂ ಹಾಕಲೇಬೇಕಾದರೆ ಕಲ್ಲು-ಕಲ್ಲಿನ ನಡುವಿನ ಸಂದಿಯಲ್ಲಿ ಹಾಕಬೇಕು. ರಕ್ಷಿತ ಸ್ಮಾರಕವಾಗಿದ್ದರೆ ಪುರಾತತ್ವ ಇಲಾಖೆಯ ಅನುಮತಿಯಿಲ್ಲದೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ. ಸಂದಿ ಕೆಟ್ಟರೆ ಗಾರೆ ತುಂಬಬಹುದು, ಕೆತ್ತಿದ ಕಲ್ಲು ಮಾತ್ರ ಮರಳಿ ಬರುವುದಿಲ್ಲ.

ಇದೇ ಸಂದರ್ಭದಲ್ಲಿ ಉರುಸು, ಜಾತ್ರೆಗಳ ಮಾತು. ದರ್ಗಾದ ಉರುಸಿರಲಿ, ಶಿರಹಟ್ಟಿ ಫಕೀರೇಶ್ವರ ಮಠದ ಜಾತ್ರೆಯಿರಲಿ, ದೀಪದ ಸರ ಹಾಕುವವರು ನಮ್ಮ ಹುಡುಗರೇ. ಅಲ್ಲಿ ಕೊಳವೆ ಇರುವುದಿಲ್ಲ, ಜನರ ಕೈಗೆ ತಂತಿ ಎಟಕುತ್ತದೆ. ಆದ್ದರಿಂದ ಡಬಲ್ ಹೊದಿಕೆಯ ಕೇಬಲ್ಲನ್ನೇ ಬಳಸಿ, ತಲೆಗೆ ತಾಗದ ಎತ್ತರದಲ್ಲಿ ಕಟ್ಟಿರಿ. ಜನ ನಡೆಯುವ ಕಡೆ ನೆಲದ ಮೇಲೆ ದಾಟಿಸಬೇಕಾದರೆ ಆ ಭಾಗಕ್ಕಾದರೂ ಗಟ್ಟಿ ಕೊಳವೆ ಹಾಕಿರಿ. 30 ಮಿಲಿ ಆಂಪಿಯರ್‌ನ ಆರ್.ಸಿ.ಸಿ.ಬಿ. ಇಲ್ಲದೆ ಕರೆಂಟು ಕೊಡಬೇಡಿರಿ. ಸೋರಿಕೆಯಾದ ಕೂಡಲೇ ಕರೆಂಟು ತೆಗೆಯುವ ಸಾಧನ ಅದು.

ಮಗ್ಗದ ಶೆಡ್ಡು, ಮುದ್ರಣಾಲಯ, ಜಿನ್ನಿಂಗ್: ಉಕ್ಕಿನ ಕೊಳವೆ

ಬೆಟಗೇರಿ ನೇಕಾರಿಕೆಗೆ, ಗದಗ ಮುದ್ರಣಕ್ಕೆ ಹೆಸರಾದ ಊರು. ಹತ್ತಿ, ಸೇಂಗಾ, ಮೆಣಸಿನಕಾಯಿಯ ವ್ಯಾಪಾರದಿಂದ ಗಿರಣಿಗಳೂ ಬೆಳೆದಿವೆ. ಇಂಥ ಕಡೆ ತಗಡಿನ ಮಾಡು, ನಡುಗುವ ಯಂತ್ರ, ಹಾರುವ ಅರಳೆ, ತಳ್ಳುವ ಗಾಡಿಗಳು ಇರುತ್ತವೆ. ಪಿ.ವಿ.ಸಿ. ಕೊಳವೆ ಇಲ್ಲಿ ಸೋಲುತ್ತದೆ. ಮಾನಕದ ಪ್ರಕಾರ ಅದನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿಗೆ ಬಳಸಬಾರದು. ನಮ್ಮ ಬೇಸಿಗೆಯಲ್ಲಿ ತಗಡಿನ ಕೆಳಗೆ ತಾಗಿದ ಪೈಪು ಆ ಮಿತಿಗೆ ಹತ್ತಿರ ಹೋಗುತ್ತದೆ. ಮೇಲಾಗಿ ಪಿ.ವಿ.ಸಿ. ಬಿಸಿಗೆ ಬಹಳ ಹಿಗ್ಗುತ್ತದೆ. ಹತ್ತು ಮೀಟರ್ ಉದ್ದದ ಕೊಳವೆ 30 ಡಿಗ್ರಿ ಬಿಸಿ ಏರಿದರೆ ಸುಮಾರು ಎರಡು ಸೆಂಟಿಮೀಟರ್ ಉದ್ದವಾಗುತ್ತದೆ. ಅದೇ ಉಕ್ಕು ನಾಲ್ಕು ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಶೆಡ್ಡುಗಳಲ್ಲಿ ಬಿಳಿ ಪೈಪು ಹಾವಿನಂತೆ ಡೊಂಕಾಗಿ, ಬಾಕ್ಸಿನಿಂದ ಕಿತ್ತು ಬಂದಿರುವುದನ್ನು ನೀವೇ ನೋಡಿರಬಹುದು. ಕಾರಣ ಇದೇ.

ಇಲ್ಲಿ ಬೇಕಾದದ್ದು ಉಕ್ಕಿನ ಕೊಳವೆ. ಕಪ್ಪು ಬಣ್ಣ ಬಳಿದದ್ದು ಒಳಗಿನ ಒಣ ಜಾಗಕ್ಕೆ. ಸತು ಲೇಪಿಸಿದ ಜಿ.ಐ. ಕೊಳವೆ ತೇವದ ಕಡೆಗೆ ಮತ್ತು ಹೊರಗೆ. ಐ.ಎಸ್. 9537ರ 2ನೇ ಭಾಗ ಇದಕ್ಕೆ ಮಾನಕ. ಪೆಟ್ಟು ತಡೆಯುತ್ತದೆ, ಉರಿಯುವುದಿಲ್ಲ. ಆದರೆ ಉಕ್ಕಿನ ಕೆಲಸಕ್ಕೆ ಹೆಚ್ಚು ಜಾಣ್ಮೆ ಬೇಕು. ನಾಲ್ಕು ಸಂಗತಿಗಳನ್ನು ಬರೆದಿಟ್ಟುಕೊಳ್ಳಿರಿ.

ಒಂದು, ಕತ್ತರಿಸಿದ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿ, ತುದಿಗೆ ಬುಷ್ ಹಾಕಬೇಕು. ಇಲ್ಲದಿದ್ದರೆ ಆ ಅಂಚೇ ಬ್ಲೇಡಿನಂತೆ ತಂತಿಯನ್ನು ಸೀಳುತ್ತದೆ.

ಎರಡು, ಕೊಳವೆ ಮೊದಲಿನಿಂದ ಕೊನೆಯವರೆಗೆ ಅರ್ಥಿಂಗ್‌ಗೆ ಕೂಡಿರಬೇಕು. ಅರ್ಥ್ ಇಲ್ಲದ ಉಕ್ಕಿನ ಕೊಳವೆ ಪಿ.ವಿ.ಸಿ.ಗಿಂತ ಅಪಾಯಕಾರಿ. ಒಳಗೆ ಒಂದು ಕಡೆ ತಂತಿ ತಾಗಿದರೂ ಇಡೀ ಶೆಡ್ಡಿನ ಪೈಪಿಗೆ ಕರೆಂಟು ಬರುತ್ತದೆ. ಕೊಳವೆಯನ್ನೇ ಅರ್ಥ್ ಎಂದು ನಂಬದೆ ಒಳಗೆ ಹಸಿರು ತಂತಿಯನ್ನೂ ಒಯ್ಯಿರಿ.

ಮೂರು, ಒಂದು ಸರ್ಕ್ಯೂಟಿನ ಫೇಸ್ ಮತ್ತು ನ್ಯೂಟ್ರಲ್ ಎರಡೂ ಒಂದೇ ಉಕ್ಕಿನ ಕೊಳವೆಯಲ್ಲಿ ಹೋಗಬೇಕು. ಮೂರು ಫೇಸ್ ಇದ್ದರೆ ಮೂರೂ ಒಟ್ಟಿಗೆ ಹೋಗಬೇಕು. ಹೋಗುವ ಮತ್ತು ಬರುವ ಪ್ರವಾಹಗಳು ಜೊತೆಗಿದ್ದರೆ ಅವುಗಳ ಕಾಂತಬಲ ಒಂದನ್ನೊಂದು ಅಳಿಸುತ್ತದೆ. ಫೇಸ್ ಒಂದನ್ನೇ ಬೇರೆ ಉಕ್ಕಿನ ಪೈಪಿನಲ್ಲಿ ಒಯ್ದರೆ ಆ ಪೈಪು ಸುಮ್ಮನೆ ಬಿಸಿಯಾಗುತ್ತದೆ. ಪಿ.ವಿ.ಸಿ.ಯಲ್ಲಿ ಈ ತೊಂದರೆ ಕಾಣದ ಕಾರಣ ನಮ್ಮ ಹುಡುಗರಿಗೆ ಇದರ ಅಭ್ಯಾಸವೇ ಇರುವುದಿಲ್ಲ.

ನಾಲ್ಕು, ಬಾಗಿಸುವಾಗ ಒಳಬಾಗಿನ ತ್ರಿಜ್ಯ ಪೈಪಿನ ಹೊರ ವ್ಯಾಸದ ಎರಡೂವರೆ ಪಟ್ಟಿಗಿಂತ ಕಡಿಮೆ ಆಗಬಾರದು. ಚಪ್ಪಟೆಯಾದ ಬಾಗಿನಲ್ಲಿ ತಂತಿ ಸಿಕ್ಕು ಸಿಪ್ಪೆ ಸುಲಿಯುತ್ತದೆ.

ಅರಳೆ, ನೂಲಿನ ಧೂಳು ಇರುವ ಕಡೆ ಪ್ರತಿ ಬಾಕ್ಸಿಗೂ ಮುಚ್ಚಳ ಇರಲೇಬೇಕು. ತೆರೆದ ಬಾಕ್ಸಿನೊಳಗೆ ಅರಳೆ ಕೂತು ಒಂದು ಕಿಡಿಗೆ ಕಾಯುತ್ತಿರುತ್ತದೆ. ಪೆಟ್ರೋಲ್ ಬಂಕ್, ಥಿನ್ನರ್ ಇಡುವ ಕೋಣೆಗಳಂತಹ ಸ್ಫೋಟದ ಭಯವಿರುವ ಜಾಗಗಳ ವೈರಿಂಗ್ ಬೇರೆಯೇ ಶಾಸ್ತ್ರ. ಅಲ್ಲಿ ಅದಕ್ಕೆಂದೇ ತಯಾರಿಸಿದ ಫಿಟ್ಟಿಂಗ್‌ಗಳೂ ಅನಿಲ ದಾಟದಂತೆ ಮುಚ್ಚುವ ಸೀಲುಗಳೂ ಬೇಕು. ಅರಿಯದವರು ಅಂಥ ಕೆಲಸ ಒಪ್ಪಿಕೊಳ್ಳಬಾರದು.

ನಡುಗುವ ಯಂತ್ರ: ಬಳುಕುವ ಕೊಳವೆ

ಗಟ್ಟಿ ಕೊಳವೆಯನ್ನು ನೇರವಾಗಿ ಮೋಟರಿನವರೆಗೆ ಒಯ್ದು ಬಿಗಿದರೆ ಯಂತ್ರದ ನಡುಕಕ್ಕೆ ಜೋಡಣೆ ಸಡಿಲಾಗುತ್ತದೆ. ಆದ್ದರಿಂದ ಕೊನೆಯ ಒಂದೆರಡು ಅಡಿಗೆ ಫ್ಲೆಕ್ಸಿಬಲ್ ಕೊಳವೆ ಹಾಕುತ್ತೇವೆ. ಉಕ್ಕಿನ ಸುರುಳಿಯದು ಪೆಟ್ಟು ಬೀಳುವ ಕಡೆಗೆ. ಅದರ ಮೇಲೆ ಪಿ.ವಿ.ಸಿ. ಹೊದಿಕೆ ಇರುವುದು ಎಣ್ಣೆ, ನೀರು ಸಿಡಿಯುವ ಕಡೆಗೆ. ಪ್ಲಾಸ್ಟಿಕ್ಕಿನ ಸುಕ್ಕು ಪೈಪು ಫಾಲ್ಸ್ ಸೀಲಿಂಗಿನ ದೀಪಗಳಿಗೆ, ಬೋರ್ಡಿನ ಒಳಗಿನ ಜೋಡಣೆಗೆ ಸಾಕು. ಉಕ್ಕಿನ ಫ್ಲೆಕ್ಸಿಬಲ್ ಪೈಪು ಕಬ್ಬಿಣದ್ದೇ ಅಲ್ಲವೇ ಎಂದು ಅದನ್ನು ಅರ್ಥಿಂಗಾಗಿ ಬಳಸಬೇಡಿರಿ. ಅದರ ಸುರುಳಿಗಳ ನಡುವಿನ ಸಂಪರ್ಕ ನಂಬುವಂಥದ್ದಲ್ಲ. ಅರ್ಥ್ ತಂತಿ ಬೇರೆಯಾಗಿಯೇ ಹೋಗಬೇಕು. ಎರಡೂ ತುದಿಗೆ ಸರಿಯಾದ ಗ್ಲ್ಯಾಂಡ್ ಹಾಕಬೇಕು. ಟೇಪು ಸುತ್ತಿ ಬಿಡುವುದು ಕೆಲಸವಲ್ಲ.

ಬೆಲೆ ಕಡಿಮೆಯೆಂದು ಸುಕ್ಕು ಪೈಪನ್ನೇ ಇಡೀ ಮನೆಯ ಗೋಡೆಯೊಳಗೆ ಹಾಕುವ ರೂಢಿ ಕೆಲವು ಕಡೆ ಇದೆ. ಗಿಲಾವಿನ ಒತ್ತಿಗೆ ಅದು ಚಪ್ಪಟೆಯಾಗಬಹುದು, ಒಳಗಿನ ಸುಕ್ಕಿಗೆ ತಂತಿ ಎಳೆಯಲು ಬರುವುದಿಲ್ಲ. ಹತ್ತು ವರ್ಷದ ಮೇಲೆ ತಂತಿ ಬದಲಿಸಬೇಕಾದಾಗ ಗೋಡೆ ಒಡೆಯುವುದೇ ಗತಿ.

ಹೊಲ ಮತ್ತು ಅಂಗಳ: ನೆಲದೊಳಗಿನ ಕೊಳವೆ

ಮುಂಡರಗಿ ಕಡೆಯ ರೈತರ ಮಕ್ಕಳು ಇಲ್ಲಿದ್ದಾರೆ. ತುಂಗಭದ್ರೆಯ ದಂಡೆಯ ಪಂಪ್‌ಸೆಟ್ಟು, ಒಳಗಿನ ಊರುಗಳ ಬೋರ್‌ವೆಲ್ಲು ನಿಮಗೆ ಗೊತ್ತು. ಕಂಬದಿಂದ ಸ್ಟಾರ್ಟರ್ ಪೆಟ್ಟಿಗೆಗೆ, ಅಲ್ಲಿಂದ ಬೋರಿಗೆ ಕೇಬಲ್ಲು ಬದುವಿನ ಮೇಲೆ ಹಾಗೆಯೇ ಬಿದ್ದಿರುತ್ತದೆ. ಹುಲ್ಲು ಕೊಯ್ಯುವ ಕುಡಗೋಲು ತಾಗಿದರೆ, ರಂಟೆ ತಾಗಿದರೆ, ಎತ್ತು ತುಳಿದರೆ ಏನಾಗುತ್ತದೆ ಎಂಬುದನ್ನು ನಾನು ಹೇಳಬೇಕಿಲ್ಲ.

ಮನೆಯ ಬಿಳಿ ಪೈಪನ್ನು ಹೊಲಕ್ಕೆ ಒಯ್ಯಬೇಡಿರಿ. ಬಿಸಿಲಿಗೆ ಅದು ಕೆಲವು ವರ್ಷಗಳಲ್ಲಿ ಹಳದಿಯಾಗಿ ಗಾಜಿನಂತೆ ಒಡೆಯುತ್ತದೆ. ಬಿಸಿಲಿಗೆ ಕಪ್ಪು ಎಚ್.ಡಿ.ಪಿ.ಇ. ಪೈಪು ತಾಳುತ್ತದೆ, ಅದರಲ್ಲಿರುವ ಕಾರ್ಬನ್ ಬಿಸಿಲಿನ ಕಿರಣವನ್ನು ತಡೆಯುತ್ತದೆ. ನೆಲದಿಂದ ಮೇಲೆದ್ದು ಪೆಟ್ಟಿಗೆಗೆ ಸೇರುವ ಭಾಗಕ್ಕೆ ಜಿ.ಐ. ಪೈಪು ಒಳ್ಳೆಯದು.

ನೆಲದೊಳಗೆ ಹೂಳಲು ಈಗ ಎರಡು ಪದರಿನ ಸುಕ್ಕು ಎಚ್.ಡಿ.ಪಿ.ಇ. ಕೊಳವೆ ಸಿಗುತ್ತದೆ. ಹೊರಗೆ ಸುಕ್ಕು, ಒಳಗೆ ನುಣುಪು. ಹೊರಗಿನ ಸುಕ್ಕು ಮಣ್ಣಿನ ಭಾರ ತಡೆಯುತ್ತದೆ, ಒಳಗಿನ ನುಣುಪು ಕೇಬಲ್ಲು ಎಳೆಯಲು ಅನುಕೂಲ. ನೆಲದೊಳಗಿನ ಕೊಳವೆಗಳಿಗೆ ಐ.ಎಸ್. 14930 ಎಂಬ ಬೇರೆ ಮಾನಕವಿದೆ. ನಮ್ಮ ಎರೆ ಭೂಮಿಗೆ ಇದು ಹೇಳಿ ಮಾಡಿಸಿದ್ದು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಈ ಎಳೆದಾಟಕ್ಕೆ ಗಟ್ಟಿ ಪಿ.ವಿ.ಸಿ.ಯ ಜೋಡಣೆ ಕಿತ್ತುಹೋಗುತ್ತದೆ. ಸ್ವಲ್ಪ ಬಾಗುವ ಎಚ್.ಡಿ.ಪಿ.ಇ. ತಾಳಿಕೊಳ್ಳುತ್ತದೆ. ಮಸಾರಿ ನೆಲದಲ್ಲಿ ಬಿರಿಯುವ ಭಯ ಕಡಿಮೆ, ಕಲ್ಲಿನ ಭಯ ಹೆಚ್ಚು. ಅಲ್ಲಿ ಉಸುಕಿನ ಹಾಸಿಗೆ ಮುಖ್ಯ.

ಕಡಿಮೆ ವೋಲ್ಟೇಜಿನ ಕೇಬಲ್ಲಿಗೆ ಗುಂಡಿ 75 ಸೆಂಟಿಮೀಟರ್, ಅಂದರೆ ಎರಡೂವರೆ ಅಡಿ ಆಳವಿರಲಿ. ಕೆಳಗೆ ಉಸುಕು, ಮೇಲೆ ಉಸುಕು, ಅದರ ಮೇಲೆ ಇಟ್ಟಂಗಿಯ ಸಾಲು. ಮುಂದೆ ಅಗೆಯುವವನಿಗೆ ಮೊದಲು ಇಟ್ಟಂಗಿ ಸಿಗುತ್ತದೆ, ಅವನ ಕೈ ನಿಲ್ಲುತ್ತದೆ. ನಿಮ್ಮ ಹೆಸರೇ ಗೊತ್ತಿಲ್ಲದ ಒಬ್ಬ ಮನುಷ್ಯನ ಜೀವವನ್ನು ಆ ಸಾಲು ಉಳಿಸಬಹುದು.

ಕೊಳವೆಯಲ್ಲಿ ಎಷ್ಟು ತಂತಿ?

ಯಾವ ಕೊಳವೆಯೇ ಇರಲಿ, ಅದನ್ನು ತುಂಬಿ ತುಳುಕಿಸಬಾರದು. ಹೊದಿಕೆ ಸೇರಿ ಎಲ್ಲ ತಂತಿಗಳ ಅಡ್ಡಕೊಯ್ತದ ಕ್ಷೇತ್ರ ಕೊಳವೆಯ ಒಳಗಿನ ಕ್ಷೇತ್ರದ 40 ಶೇಕಡವನ್ನು ಮೀರಬಾರದು. ಉಳಿದ 60 ಶೇಕಡ ಗಾಳಿಗೆ. ಸಾಮಾನ್ಯ ಪಿ.ವಿ.ಸಿ. ತಂತಿ 70 ಡಿಗ್ರಿ ಬಿಸಿಯವರೆಗೆ ಮಾತ್ರ ತಾಳುತ್ತದೆ. ಹತ್ತು ಜನ ಒಂದೇ ಸಣ್ಣ ಕೋಣೆಯಲ್ಲಿ ಮಲಗಿದರೆ ಸೆಕೆಯಾಗುವಂತೆ ತಂತಿಗೂ ಆಗುತ್ತದೆ. ಒಂದು ಕೊಳವೆಯಲ್ಲಿ ಸರ್ಕ್ಯೂಟುಗಳು ಹೆಚ್ಚಿದಷ್ಟೂ ಪ್ರತಿ ತಂತಿ ಹೊರಬಲ್ಲ ಪ್ರವಾಹ ಕಡಿಮೆಯಾಗುತ್ತದೆ. ದೀಪ-ಫ್ಯಾನಿನ 1.5 ಚದರ ಮಿಲಿಮೀಟರ್ ತಂತಿ ಮತ್ತು ಗೀಸರಿನ 4 ಚದರ ಮಿಲಿಮೀಟರ್ ತಂತಿಯನ್ನು ಒಂದೇ ಪೈಪಿಗೆ ತುರುಕಬೇಡಿರಿ, ಅವಕ್ಕೆ ಬೇರೆ ಪೈಪು ಕೊಡಿರಿ.

ಎರಡು ಬಾಗುಗಳಾದ ಮೇಲೆ ಒಂದು ಬಾಕ್ಸು ಇಡುವುದು ಒಳ್ಳೆಯ ರೂಢಿ. ತಂತಿ ಜೋಡಿಸುವುದು ಬಾಕ್ಸಿನಲ್ಲಿ ಮಾತ್ರ, ಕೊಳವೆಯ ಒಳಗೆ ಎಂದಿಗೂ ಜೋಡಣೆ ಇರಬಾರದು. ಟಿ.ವಿ., ಫೋನು, ಇಂಟರ್ನೆಟ್, ಸಿ.ಸಿ. ಕ್ಯಾಮೆರಾದ ತಂತಿಗಳಿಗೆ ಬೇರೆ ಕೊಳವೆ ಬೇಕು. ಒಂದೇ ಕೊಳವೆಯಲ್ಲಿ 230 ವೋಲ್ಟಿನ ತಂತಿಯೂ ಇದ್ದು ಹೊದಿಕೆ ಕೆಟ್ಟರೆ, ಕರೆಂಟು ಫೋನಿನ ತಂತಿಯ ಮೂಲಕ ಮನುಷ್ಯನ ಕೈಗೇ ಬರುತ್ತದೆ.

ಕೆಲಸ ಮುಗಿದ ಮೇಲೆ, ಗಿಲಾವಿಗೆ ಮೊದಲು, ಪ್ರತಿ ಗೋಡೆಯ ಫೋಟೋ ತೆಗೆದು ಯಜಮಾನರಿಗೆ ಕೊಡಿರಿ. ಮೊಬೈಲು ಎಲ್ಲರ ಕೈಯಲ್ಲಿದೆ, ಖರ್ಚಿಲ್ಲ. ಯಜಮಾನರೂ ಅದನ್ನು ಕೇಳಿ ಪಡೆಯಿರಿ. ಮೀಟರಿನವರೆಗಿನ ತಂತಿಯ ಹೊಣೆ ಹೆಸ್ಕಾಂನದು, ಮೀಟರಿನಿಂದ ಈಚೆಗಿನ ಹೊಣೆ ನಮ್ಮದು.

ಕಲಿತು ಮಾಡಿರಿ

ವಿದ್ಯಾರ್ಥಿ ಮಿತ್ರರೇ, ಇದನ್ನೆಲ್ಲ ಹೆಲ್ಪರ್ ಆಗಿ ಕಲಿಯಬಹುದು. ನಾನೂ ಹಾಗೆಯೇ ಆರಂಭಿಸಿದೆ. ಆದರೆ ಹಾಗೆ ಕಲಿತವನಿಗೆ 'ಹೇಗೆ' ಗೊತ್ತಿರುತ್ತದೆ, 'ಏಕೆ' ಗೊತ್ತಿರುವುದಿಲ್ಲ. ಪೈಪು ಕಡಿಮೆ ಬಿದ್ದ ಸಂಜೆ ನನಗೆ ಏಕೆ ಎಂಬುದು ಗೊತ್ತಿದ್ದರೆ ಆ ಗೋಡೆಯನ್ನು ಹಾಗೆ ಬಿಡುತ್ತಿರಲಿಲ್ಲ. ಐ.ಟಿ.ಐ.ಯಲ್ಲಿ ಇಲೆಕ್ಟ್ರಿಷಿಯನ್ ಮತ್ತು ವೈರ್‌ಮನ್ ಎಂಬ ಎರಡು ವರ್ಷಗಳ ತರಬೇತಿಗಳಿವೆ. ಆ ನಂತರ ಅಪ್ರೆಂಟಿಸ್‌ಶಿಪ್ ಇದೆ. ರಾಜ್ಯದ ವಿದ್ಯುತ್ ಪರಿವೀಕ್ಷಣಾ ಇಲಾಖೆಯ ಮೂಲಕ ವೈರ್‌ಮನ್ ಪರ್ಮಿಟ್, ಮುಂದೆ ಸೂಪರ್‌ವೈಸರ್ ಪರ್ಮಿಟ್ ಪಡೆಯಬಹುದು. ಪರ್ಮಿಟ್ ಇದ್ದವನು ತನ್ನ ಕೆಲಸದ ಹೊಣೆ ಹೊರುತ್ತಾನೆ. ಹುಬ್ಬಳ್ಳಿ, ಪುಣೆ, ಬೆಂಗಳೂರು, ಕೊಲ್ಲಿ ದೇಶಗಳು, ಎಲ್ಲಿ ಹೋದರೂ ಮೊದಲು ಕೇಳುವುದು ಆ ಕಾಗದವನ್ನೇ. ತಂದೆ-ತಾಯಿಗಳಲ್ಲಿ ನನ್ನ ವಿನಂತಿ: ಮಗ ಇಂದು ತರುವ ಕೂಲಿಗಾಗಿ ಆ ಎರಡು ವರ್ಷಗಳನ್ನು ಕಳೆಯಬೇಡಿರಿ.

ಕೊನೆಯ ಮಾತು. ಪವಿತ್ರ ಕುರ್‌ಆನ್‌ನ 83ನೇ ಅಧ್ಯಾಯ 'ಅಲ್ ಮುತಫ್ಫಿಫೀನ್' ಅಳತೆ-ತೂಕದಲ್ಲಿ ಕಡಿಮೆ ಕೊಡುವವರ ಬಗ್ಗೆ ಎಚ್ಚರಿಸುತ್ತದೆ. ನಾವು ಅದನ್ನು ತಕ್ಕಡಿ ಹಿಡಿದ ವ್ಯಾಪಾರಿಗೆ ಮಾತ್ರ ಹೇಳಿದ್ದೆಂದು ತಿಳಿಯುತ್ತೇವೆ. ಹೆವಿ ಪೈಪಿನ ಹಣ ಪಡೆದು ಲೈಟ್ ಪೈಪು ಹಾಕುವುದೂ, ನಾಲ್ಕು ಅಡಿ ಪೈಪು ಇಲ್ಲದೆ ಗಿಲಾವು ಮುಚ್ಚುವುದೂ ಕಡಿಮೆ ತೂಕವೇ. ಮನೆಯವರು ಗೋಡೆಯೊಳಗಿನದನ್ನು ನಮ್ಮ ಕೈಗೆ ಒಪ್ಪಿಸಿರುತ್ತಾರೆ. ಅದು ಅಮಾನತ್. ಆ ಮನೆಯ ಹಿರಿಯರಿಗೆ ನಾನು ಗೋಡೆ ತೋರಿಸಿ ನನ್ನ ತಪ್ಪು ಒಪ್ಪಿಕೊಂಡೆ, ಹಣ ಪಡೆಯದೆ ಪೈಪು ಹಾಕಿ ಗಿಲಾವು ಮಾಡಿಸಿದೆ. ಅವರು ಬೈಯಲಿಲ್ಲ. "ಮುಂದಿನ ಮನ್ಯಾಗ ಹಿಂಗ ಮಾಡಬ್ಯಾಡಪಾ" ಎಂದಷ್ಟೇ ಅಂದರು. ಅದನ್ನೇ ನಿಮಗೂ ಒಪ್ಪಿಸುತ್ತಿದ್ದೇನೆ.

ನಿಮ್ಮ ಕೈಯ ಕೆಲಸದಲ್ಲಿ ಅಲ್ಲಾಹನು ಬರಕತ್ ನೀಡಲಿ, ನಿಮ್ಮ ಕೆಲಸದ ಮನೆಗಳಲ್ಲಿ ಜನರು ನಿಶ್ಚಿಂತೆಯಿಂದ ಮಲಗಲಿ ಎಂದು ಹಾರೈಸುತ್ತೇನೆ.